ಹಿಂದುಮುಂದಾದ ಪಾದಗಳು

ಹ್ಯಾಲೊವೀನಿಗೆ ಮಗಳು ದೆವ್ವ ಆಗ್ತೀನಿ ಅಂದಳು. ಹಳೇ ಬಿಳಿ ಬೆಡ್‌ಶೀಟಿನಲ್ಲಿ ಕಣ್ಣಿಗೆ ಎರಡು ತೂತು ಕತ್ತರಿಸಿದೆ. ಡಾಲರ್ ಅಂಗಡಿಯಿಂದ ತಂದ ಫೋಮ್ ಶೀಟಿನಲ್ಲಿ ದೊಡ್ಡ ಪಾದಗಳನ್ನು ಮಾಡಿ, ಬೆರಳು ಹಿಂದಕ್ಕೆ ಬರುವ ಹಾಗೆ ಅವಳ ಶೂಗೆ ಅಂಟಿಸಿದೆ. ದೆವ್ವದ ಪಾದ ಹಿಂದುಮುಂದಾಗಿರುತ್ತೆ ಅಂತ ಮೈಸೂರಿನಲ್ಲಿ ನಮಗೆ ಚಿಕ್ಕಂದಿನಿಂದಲೂ ಗೊತ್ತು.

ಯೂನಿಯನ್ ಸಿಟಿಯ ನಮ್ಮ ಬೀದಿಯಲ್ಲಿ ಕ್ಯಾಂಡಿ ಕೇಳೋಕೆ ಹೋದ ಮೊದಲ ಮನೆಯ ಬಾಗಿಲು ತೆಗೆದದ್ದು ಒಬ್ಬ ಅಮೆರಿಕನ್ ಅಜ್ಜಿ. ಕ್ಯಾಂಡಿ ಬುಟ್ಟಿ ಹಿಡಿದುಕೊಂಡೇ ಬಗ್ಗಿ ನೋಡಿ, "ಪಾದ ಉಲ್ಟಾ ಅಂಟಿಸಿಬಿಟ್ಟಿದ್ದೀರಲ್ಲ! ನನ್ನ ಹತ್ರ ಗ್ಲೂ ಗನ್ ಇದೆ, ತರ್ಲಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ಐ ಟೋಲ್ಡ್ ಯು, ಅಮ್ಮಾ!" ಶೀಟಿನೊಳಗಿಂದ ಅಳು ಬಂದ ಹಾಗಿತ್ತು. ಪಾದ ಕಿತ್ತುಹಾಕೋಕೆ ಬಗ್ಗಿಯೇಬಿಟ್ಟಳು.

ನಾನು ಅವಳ ಕೈ ಹಿಡಿದು, "ನಮ್ಮೂರ ದೆವ್ವದ ಪಾದ ಇರೋದೇ ಹೀಗೆ. ಅದರಿಂದಲೇ ದೆವ್ವ ಅಂತ ಗುರುತು ಹಿಡಿಯೋದು" ಅಂತ ಅಜ್ಜಿಗೆ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಮಗಳ ಸುತ್ತ ಒಂದು ಸುತ್ತು ಬಂದರು. "ಹಾಗಾದ್ರೆ ಹೆಜ್ಜೆ ಗುರುತು ನೋಡಿದವರಿಗೆ ದೆವ್ವ ಬಂತೋ ಹೋಯ್ತೋ ಗೊತ್ತಾಗೋದು ಹೇಗೆ?"

ಇಷ್ಟು ವರ್ಷ ನನಗೆ ಹೊಳೆದೇ ಇರದ ಪ್ರಶ್ನೆ. ಅಷ್ಟರಲ್ಲಿ ಮಗಳು ಚೀಲಕ್ಕೆ ಕ್ಯಾಂಡಿ ಹಾಕಿಸಿಕೊಂಡು ಮೆಟ್ಟಿಲಿಳಿದಳು. ಅವಳ ಬೆನ್ನು ನಮ್ಮ ಕಡೆಗಿತ್ತು, ಪಾದದ ಬೆರಳುಗಳು ಮಾತ್ರ ಬಾಗಿಲ ಕಡೆಗೇ ಇದ್ದವು. ತಿರುಗದೇ ಚೀಲವನ್ನು ಹಿಂದಕ್ಕೆ ಚಾಚಿ, "ಲುಕ್, ಐ ಆಮ್ ಜಸ್ಟ್ ಕಮಿಂಗ್!" ಅಂದಳು.

ಅಜ್ಜಿ ನಗುತ್ತಾ ಇಳಿದು ಬಂದು ಇನ್ನೊಂದು ಕ್ಯಾಂಡಿ ಹಾಕಿದರು.

ಮುಂದಿನ ಮನೆಗೆ ಹೋಗುವಾಗ ನೋಡ್ತೀನಿ, ಪಾದದ ಅಂಟು ಬಿಡದ ಹಾಗೆ ಅವಳೇ ಒತ್ತಿ ಒತ್ತಿ ಕೂರಿಸ್ತಿದ್ದಾಳೆ.