ಗಣಿ ದಾರಿಯ ಎತ್ತಿನ ಸಮಾಧಿ

ಕಿಲಾರಿ ತಾತನ ಅಂಗಾಲಿನ ಬಿರುಕುಗಳಲ್ಲಿ ಮೈಲುತುತ್ತದ ಬಣ್ಣವಿತ್ತು. ಎಷ್ಟು ಉಜ್ಜಿದರೂ ಹೋಗದ ನೀಲಿ. ದೇವರ ಎತ್ತುಗಳನ್ನು ಕಾಯುವ ಕಿಲಾರಿ ಅವನು. ಕೆರ ಮೆಟ್ಟುವುದಿಲ್ಲ ಎಂಬ ವ್ರತ ಹಿಡಿದು ಆಯುಷ್ಯವೆಲ್ಲ ಆ ಎತ್ತುಗಳ ಹಿಂದೆ ಬರಿಗಾಲಲ್ಲಿ ನಡೆದವನು. ಬೇಸಿಗೆಯಲ್ಲಿ ಎತ್ತುಗಳಿಗಿದ್ದದ್ದು ಒಂದೇ ಹಳ್ಳ. ಮೊಳಕಾಲ್ಮೂರು ಕಡೆಯ ಗುಡ್ಡದಲ್ಲಿ ಯಾರೋ ತಾಮ್ರ ತೋಡಿಕೊಂಡು, ಹಾಳು ಬಿಟ್ಟುಹೋದ ಗಣಿಯ ಬಾಯಿಂದ ಅದು ಇಳಿದು ಬರುತ್ತಿತ್ತು.

ಎತ್ತು ಕೂಡುವ ಮುಳ್ಳುಬೇಲಿಯ ರೊಪ್ಪ ನಮ್ಮ ಹಿತ್ತಲಿಗೇ ಅಂಟಿಕೊಂಡಿತ್ತು. ತಾತ ಎತ್ತುಗಳ ಜೊತೆ ತೆಲುಗು ಮಾತಾಡುತ್ತಿದ್ದ, ದೇವರ ಜೊತೆ ಕನ್ನಡ, ಊರ ಯಜಮಾನರ ಜೊತೆ ಬರೀ ಜಗಳ. ಎತ್ತು ನೀರು ಕುಡಿಯುವ ಮೊದಲು ತಾನು ಗುಟುಕೂ ಕುಡಿಯುತ್ತಿರಲಿಲ್ಲ. ನಾನು ಓದುತ್ತಾ ಕೂತರೆ ಬೇಲಿಯಾಚೆಯಿಂದ ಕೇಳುತ್ತಿದ್ದ, "ಏನವ್ವಾ, ಆ ಪುಸ್ತಕದಾಗೆ ನಮ್ಮ ಹಳ್ಳ ಐತಾ? ಇಲ್ಲಾಂದ್ರೆ ಮಡಚಿಡು." ಅವನ ಸೊಕ್ಕು ನನಗೆ ಬಹಳ ಇಷ್ಟವಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಹಿಂಡಿನ ಮುಂದಾಳು ಎತ್ತು ಆ ನೀರು ಕುಡಿದು, ನೊರೆ ಕಾರುತ್ತಾ ಸತ್ತಿತು. ದೇವರ ಎತ್ತು ಸತ್ತರೆ ಮನುಷ್ಯರಿಗೆ ಮಾಡಿದಂತೆಯೇ ಮಣ್ಣು ಮಾಡುತ್ತಾರೆ, ನಮ್ಮೂರಲ್ಲಿ ಗುಡಿಯ ಪಕ್ಕದಲ್ಲಿ. ತಾತ ಗಾಡಿಯನ್ನು ಗುಡಿಯ ಕಡೆ ತಿರುಗಿಸಲೇ ಇಲ್ಲ. ಗಣಿಗೆ ಹೋಗುವ ದಾರಿ ಎರಡು ಬಂಡೆಗಳ ನಡುವೆ ಕಿರಿದಾಗುವಲ್ಲಿ, ನಟ್ಟನಡುವೆ ಗುಂಡಿ ತೋಡಿಸಿದ.

"ಪದ್ಧತಿ ಮುರೀತೀಯಾ? ನಾಳೆಯಿಂದ ನೀನು ಕಿಲಾರಿ ಅಲ್ಲ," ಎಂದರು ಯಜಮಾನರು.

"ಬ್ಯಾಡ ಬಿಡ್ರಿ. ಗುಡಿ ಹತ್ರ ಹೂತ್ರೆ ನಾವಷ್ಟೇ ಅಳ್ತೀವಿ. ಇಲ್ಲಿ ಹೂತ್ರೆ ನೀರು ಸರಿ ಐತೆ ಅಂದೋರೂ ನೋಡ್ತಾರೆ."

ಅವನ ಕೋಲು ಕಿತ್ತುಕೊಂಡರು. ಕಿಲಾರಿಗೆ ಕೋಲು ಹೋಯಿತೆಂದರೆ ಊರಲ್ಲಿ ಮುಖವೇ ಹೋದಂತೆ. ತಾತ ಎತ್ತನ್ನು ಅಲ್ಲೇ ಮಣ್ಣು ಮಾಡಿ, ಸಮಾಧಿಯ ಪಕ್ಕದ ಬಂಡೆ ಹತ್ತಿ ಕೂತ.

ವರ್ಷವರ್ಷವೂ ಬಂದು, ಜೀಪಿನ ಕಿಟಕಿಯಿಂದಲೇ ಹಳ್ಳ ನೋಡಿ, ಎಲ್ಲ ಸರಿಯಿದೆ ಎಂದು ಹೋಗುತ್ತಿದ್ದ ಗಣಿ ಇಲಾಖೆಯ ಅಧಿಕಾರಿಗಳು ಆ ಸಲವೂ ಬಂದರು. ಸಮಾಧಿಯ ಮುಂದೆ ಜೀಪು ನಿಂತಿತು. ಚಾಲಕ ಪರಶುರಾಂಪುರದ ಕಡೆಯವನು, ಅಲ್ಲೂ ದೇವರ ಎತ್ತುಗಳಿವೆ. "ದೇವ್ರೆತ್ತು ಸಾ. ಇದ್ರ ಮ್ಯಾಲೆ ನಾನು ಹತ್ಸಲ್ಲ," ಎಂದು ಕೆಳಗಿಳಿದು ಕೈಮುಗಿದ.

ತಾತ ಕೂತಲ್ಲಿಂದಲೇ ಹೇಳಿದ, "ಕೆರ ಬಿಟ್ಟು ಬರ್ರಿ. ಪಕ್ಕದಾಗೆ ಹಳ್ಳ ಐತೆ, ಅದ್ರಾಗೇ ದಾಟ್ರಿ."

ಬೇರೆ ದಾರಿಯಿಲ್ಲದೆ ಅಧಿಕಾರಿಗಳು ಬೂಟು ಕಳಚಿ, ಪ್ಯಾಂಟು ಮಡಚಿ ನೀಲಿ ಕೆಸರಿಗಿಳಿದರು. ಬಂಡೆ ಸುತ್ತಿ ಆಚೆ ದಾರಿ ಸೇರುವಷ್ಟರಲ್ಲಿ ದೊಡ್ಡ ಅಧಿಕಾರಿಗೆ ಕಾಲುರಿ. ತೊಳೆಯಲು ನೀರು ಕೇಳಿದರೆ ತಾತ ಹಳ್ಳವನ್ನೇ ತೋರಿಸಿ, "ಇರೋದು ಇದೇ," ಎಂದ.

ಆಮೇಲೆ ಯಾರು ಬಂದರೂ ಅದೇ ಕಾನೂನು. ಪತ್ರಿಕೆಯವರನ್ನೂ ಬಿಡಲಿಲ್ಲ, ಓಟು ಕೇಳಲು ಬಂದವರನ್ನೂ ಬಿಡಲಿಲ್ಲ. ಕಾಲುರಿ ಊರೂರು ಸುತ್ತಿ ಸುದ್ದಿಯಾಯಿತು. ಕೊನೆಗೆ ಗಣಿಯ ಬಾಯಿಗೆ ಕಟ್ಟೆ ಬಿತ್ತು. ನೀರನ್ನು ಸುಣ್ಣಕಲ್ಲಿನ ಹೊಂಡಗಳಲ್ಲಿ ನಿಲ್ಲಿಸಿ, ವಿಷ ತಳಕ್ಕಿಳಿಸಿ, ಆಮೇಲೆ ಹಳ್ಳಕ್ಕೆ ಬಿಡುವ ಕೆಲಸ ಶುರುವಾಯಿತು. ಲಾರಿಗಳಿಗೆಂದು ಗುಡ್ಡ ಸುತ್ತಿ ಬೇರೆ ದಾರಿ ಮಾಡಿದರೇ ಹೊರತು ಸಮಾಧಿಯನ್ನು ಯಾರೂ ಮುಟ್ಟಲಿಲ್ಲ.

ಕೆಲಸ ಅರ್ಧವಾಗಿದ್ದಾಗ ತಾತ ಹೋಗಿಬಿಟ್ಟ. ಕೋಲು ವಾಪಸ್ ಕೊಡಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಯಜಮಾನರು ತಾವಾಗಿಯೇ ತಂದು ಹೆಣದ ಪಕ್ಕ ಇಟ್ಟರು. ನಾನು ಅಂದು ಅತ್ತದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿಗೆ. ಬದುಕಿದ್ದಾಗ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ನಾನೀಗ ಚಳ್ಳಕೆರೆಯಲ್ಲಿ ಟೀಚರ್ ಕೆಲಸ ಮಾಡುತ್ತೇನೆ. ರಜೆಯಲ್ಲಿ ಊರಿಗೆ ಹೋದಾಗ ಹೊಂಡ ನೋಡದೆ ಬರುವುದಿಲ್ಲ. ಮೊನ್ನೆ ಅಲ್ಲಿ ಹೊಸ ಗುತ್ತಿಗೆದಾರ ಸಿಕ್ಕಿದ. ಸುತ್ತು ದಾರಿ ದೂರವಂತೆ, ಕೆಲಸ ಹೇಗೂ ಮುಗಿದ ಹಾಗೆಯೇ ಅಂತೆ, ಸಮಾಧಿ ತೆಗೆಸಿದರೆ ಲಾರಿ ನೇರ ಹೋಗಬಹುದಂತೆ. ಅವನ ಬೆನ್ನ ಹಿಂದೆ, ಕಡೆಯ ಹೊಂಡದಿಂದ ಹೊರಬರುವ ನೀರಿನ ಅಂಚಿನಲ್ಲಿ ತೆಳ್ಳಗೆ ನೀಲಿ ಇತ್ತು.

"ಮುಗಿದೈತೋ ಇಲ್ಲೋ ನೋಡಾನ," ಎಂದೆ. "ಕೆರ ಬಿಟ್ಟು ಬರ್ರಿ."

ಅವನು ನನ್ನ ಕಾಲು ನೋಡಿದ. ನನ್ನ ಚಪ್ಪಲಿ ಆಗಲೇ ತಾತನ ಬಂಡೆಯ ಪಕ್ಕದಲ್ಲಿತ್ತು.