ಬಿಪಿ ಪೆಟ್ಟಿಗೆಯ ನರ್ಸಮ್ಮ

ಹುಸೇನ್‌ಬೀ ನರ್ಸಮ್ಮ ಬಸ್ಸಿನಲ್ಲಿ ಬಿಪಿ ಪೆಟ್ಟಿಗೆಯನ್ನು ಎಂದೂ ಸೀಟಿನ ಕೆಳಗೆ ಇಟ್ಟವರಲ್ಲ. ಒಳಗಿನ ಪಾದರಸ ಅಲುಗಬಾರದೆಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಹಾಲುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹಗರಿಬೊಮ್ಮನಹಳ್ಳಿಯಿಂದ ನಮ್ಮೂರು ಹಂಪಸಾಗರಕ್ಕೆ ಬರುತ್ತಿದ್ದರು.

“ಕೂಸಿಗೆ ಅರ್ಧ ಟಿಕೇಟ್ ಹರೀಲೇನ್ರಿ?” ಎಂದು ಕಂಡಕ್ಟರ್ ಛೇಡಿಸಿದರೆ, “ಈಗಷ್ಟ ಮಲಗೈತಿ, ಎಬ್ಬಿಸಬ್ಯಾಡ ಹೋಗೋ” ಎನ್ನುತ್ತಿದ್ದರು.

ಮಕ್ಕಳೇ, ಇದು ತೊಂಬತ್ತರ ದಶಕದ ಮಾತು. ನಿಮ್ಮವ್ವ ಆಗ ನನ್ನ ಹೊಟ್ಟೆಯಲ್ಲಿದ್ದಳು. ನಾನು ಬಾಯಿಲ್ಲದ ಸೊಸೆ. ನರ್ಸಮ್ಮ ಮನೆಗೆ ಬಂದಾಗ ಅತ್ತೆಯವರ ಎದುರು ನೆಲದ ಮೇಲೆ ಮುದುಡಿ ಕುಳಿತು ತೋಳು ಚಾಚಿದೆ. ಅವರು ಪಟ್ಟಿ ಸುತ್ತಲೇ ಇಲ್ಲ.

“ಹಿಂಗ ಕುಂತ್ರ ಪಾದರಸ ಸುಳ್ಳು ಹೇಳ್ತೈತಿ. ಕುರ್ಚಿ ಮ್ಯಾಲೆ ಕುಂದ್ರವ್ವ.”

ಮನೆಯಲ್ಲಿದ್ದದ್ದು ಒಂದೇ ಕುರ್ಚಿ, ಮಾವನವರದು.

“ಅಯ್ಯ ಶಿವನ! ಸೊಸಿ ಮಾವನ ಕುರ್ಚ್ಯಾಗ ಕುಂದ್ರೂದಾ?” ಅತ್ತೆ ಗದ್ದಕ್ಕೆ ಕೈಯಿಟ್ಟರು.

“ಆಕಿ ಎಲ್ಲಿ ಕುಂದ್ರತಾಳ್ರಿ? ಕುಂದ್ರೂದು ನಿಮ್ಮ ಮೊಮ್ಮಗು.”

ಕುರ್ಚಿಯ ಅಂಚಿಗೆ ಕುಳಿತೆ. ಬಿಪಿ ಏರಿತ್ತು. ನರ್ಸಮ್ಮ ನನ್ನ ಮುಖ ನೋಡಿದರು, ಅತ್ತೆಯವರ ಮುಖ ನೋಡಿದರು. “ಅಮ್ಮಾರ, ಒಂದೀಟು ಚಾ ಮಾಡ್ರಿ” ಎಂದು ಅವರನ್ನು ಒಳಗೆ ಕಳಿಸಿದರು. ನನ್ನ ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿಸಿ, ಕೈ ಎದೆಯ ಮಟ್ಟಕ್ಕೆ ಬರುವಂತೆ ದಿಂಬು ಕೊಟ್ಟರು. ಚಹಾ ಕುದಿಯುವವರೆಗೆ ಇಬ್ಬರೂ ಸುಮ್ಮನೆ ಕುಳಿತೆವು. ಮತ್ತೆ ನೋಡಿದಾಗ ಬಿಪಿ ಇಳಿದಿತ್ತು.

ಪಟ್ಟಿ ಬಿಚ್ಚುತ್ತ, “ಈಗ ಮಾತಾಡವ್ವ” ಎಂದರು.

ಆ ಮನೆಯಲ್ಲಿ ನನಗೆ ಮಾತಾಡು ಎಂದವರು ಅವರೊಬ್ಬರೇ. ತವರಿನ ನೆನಪು, ಹೆರಿಗೆಯ ಭಯ, ಎಲ್ಲ ಹೇಳಿಕೊಂಡೆ. ಆಮೇಲೆ ಪ್ರತಿಸಲವೂ ಹಾಗೆಯೇ. ಮೊದಲು ಮೌನ, ಆಮೇಲೆ ಆ ಮಾತು.

ಎಂಟನೇ ತಿಂಗಳಲ್ಲಿ ಕಾಲು ಬಾತವು. ಅತ್ತೆ ಸಂತೆಗೆ ಹೋಗಿದ್ದ ಹೊತ್ತಿಗೆ ನರ್ಸಮ್ಮ ಬಂದರು. ಒರಗಿ ಕುಳಿತರೂ ಬಿಪಿ ಏರಿತ್ತು. ತಡೆದು ತಡೆದು ನೋಡಿದರೂ ಇಳಿಯಲಿಲ್ಲ. ಅಂದು ಅವರು “ಮಾತಾಡವ್ವ” ಎನ್ನಲಿಲ್ಲ; ಈಗಲೇ ಹೊಸಪೇಟೆಯ ದೊಡ್ಡ ದವಾಖಾನೆಗೆ ಹೊರಡಬೇಕು ಎಂದರು.

ಸಂತೆಯಿಂದ ಬಂದ ಅತ್ತೆ, “ಆಗೂ ಏರಿತ್ತು, ಇಳೀಲಿಲ್ಲೇನು? ದೊಡ್ಡ ದವಾಖಾನಿ ಯಾಕ?” ಎಂದರು.

“ಆಗ ನಿಮಗ ಹೆದರಿ ಏರಿತ್ರಿ. ಇವತ್ತು ನೀವು ಮನ್ಯಾಗ ಇಲ್ದಾಗೂ ಏರೈತಿ. ಇದು ಖರೇ ಐತ್ರಿ. ತಡ ಮಾಡಿದ್ರ ತಾಯಿ, ಕೂಸು ಎರಡೂ ಉಳಿಯಾಂಗಿಲ್ಲ.”

ಅತ್ತೆ ತಾವೇ ನನ್ನ ಬಟ್ಟೆಯ ಗಂಟು ಕಟ್ಟಿದರು. ಹೊಸಪೇಟೆಯವರೆಗೂ ನರ್ಸಮ್ಮ ಜೊತೆಗೆ ಬಂದರು. ಬಸ್ಸಿನಲ್ಲಿ ಅಂದು ಪೆಟ್ಟಿಗೆ ಕಾಲ ಬಳಿ ಇತ್ತು. ಅವರ ತೊಡೆಯ ಮೇಲೆ ನನ್ನ ತಲೆ ಇತ್ತು.

ನಿಮ್ಮವ್ವ ಹುಟ್ಟಿದಳು, ನಾನೂ ಉಳಿದೆ. ಮುಂದೆ ನರ್ಸಮ್ಮನಿಗೆ ಹರಪನಹಳ್ಳಿ ಕಡೆ ವರ್ಗವಾಯಿತು. ಎಷ್ಟೋ ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ಮಣ್ಣಿಗೂ ಹೋಗಲಾಗಲಿಲ್ಲ.

ಈಗ ನಿಮ್ಮವ್ವ ಬ್ಯಾಟರಿಯ ಯಂತ್ರದಲ್ಲಿ ನನ್ನ ಬಿಪಿ ನೋಡುತ್ತಾಳೆ. ನಾನು ಒರಗಿ, ಪಾದ ಊರಿ ಕೂರುತ್ತೇನೆ. ಯಂತ್ರ ಕೂಗಿ ಅಂಕಿ ತೋರಿಸುತ್ತದೆ. “ಮುಗೀತು ಯಜ್ಜಿ, ಇನ್ನೂ ಯಾಕ ಸುಮ್ನ ಕುಂತಿ?” ಎಂದು ನೀವು ನಗುತ್ತೀರಿ.

ಇನ್ನೂ ಯಾರೂ “ಮಾತಾಡವ್ವ” ಅಂದಿಲ್ಲವಲ್ಲ, ಮಕ್ಕಳೇ.