ಅರವತ್ತು ಕರೆದ ಮೇಲೆ ಒಂಬತ್ತು ಕರೆದ ಜ್ಯೋತಿಲಕ್ಷ್ಮಿ

ಬೆಳಗಿನ ಆರು ಗಂಟೆ. ಶಿರಾದ ಒಂದು ಪುಟ್ಟ ಕಣ್ಣಾಸ್ಪತ್ರೆಯ ಬಾಗಿಲಲ್ಲಿ ಆಗಲೇ ನಾಲ್ಕು ಜನ. ಬರಗೂರಿನಿಂದ ಮೊದಲ ಬಸ್ಸಿಗೆ ಬಂದ ಜ್ಯೋತಿಲಕ್ಷ್ಮಿ ಕಂಪ್ಯೂಟರಿನ ಧೂಳನ್ನು ಸೆರಗಿನಲ್ಲೇ ಒರೆಸಿ, ಟೋಕನ್ ಕೊಡಲು ಕೂರುತ್ತಾರೆ. ಕೈ ಟೋಕನ್ ಮೇಲಿದ್ದರೂ ಕಣ್ಣು ಗೇಟಿನ ಮೇಲೆ. ನಾಗಲಮಡಿಕೆಯ ಅಜ್ಜಿ ಪೆದ್ದಮ್ಮ ಇವತ್ತಾದರೂ ಬರುತ್ತಾರೋ ಇಲ್ಲವೋ ಎಂಬುದೊಂದೇ ಅವರ ಚಿಂತೆ.

ಟೋಕನ್ ಕರೆಯುವ ಪ್ರೋಗ್ರಾಂ ಬರೆದದ್ದು ಜ್ಯೋತಿಲಕ್ಷ್ಮಿಯೇ. ಓದಿದ್ದು ಪಿಯುಸಿ, ಪ್ರೋಗ್ರಾಂ ಕಲಿತದ್ದು ಬಸ್ಸಿನಲ್ಲಿ, ಮೊಬೈಲ್ ವಿಡಿಯೋ ನೋಡಿಕೊಂಡು. ದಿನಕ್ಕೆ ಅರವತ್ತು ಟೋಕನ್. ಎರಡು ತಿಂಗಳ ಹಿಂದೆ, ಮೊದಲ ದಿನ, ಪರದೆಯ ಮೇಲೆ ಒಂದು ಬಂತು. ಆಮೇಲೆ ಹತ್ತು, ಹನ್ನೊಂದು, ಹನ್ನೆರಡು. ಎರಡನೆಯವರು ಕಣ್ಣುಜ್ಜಿಕೊಂಡು ನೋಡಿದರು. ಬಂದದ್ದು ಕಣ್ಣಾಸ್ಪತ್ರೆಗಲ್ಲವೇ, ತಪ್ಪು ತಮ್ಮ ಕಣ್ಣಿನದೇ ಇರಬೇಕೆಂದು ಸುಮ್ಮನಾದರು.

"ಅಂಕೀನ ಅಕ್ಷರ ಅಂತ ಇಟ್ಬುಟ್ಟಿದ್ದೆ ಸಾರ್. ಹೆಸ್ರು ಜೋಡ್ಸೋ ಹಂಗೆ ಮಿಷನ್ನು ಮೊದಲ್ನೇ ಅಕ್ಷರ ನೋಡಿ ಜೋಡ್ಸ್ತು. ಹತ್ತು ಬರೆಯೋದು ಒಂದ್ರಿಂದ ತಾನೆ? ಎರಡಕ್ಕಿಂತ ಮುಂದೆ ಹೋಗ್ಬುಡ್ತು" ಎಂದು ಈ ಕತೆ ಕೇಳಲು ಬಂದ ನನಗೆ ಜ್ಯೋತಿಲಕ್ಷ್ಮಿ ವಿವರಿಸುತ್ತಾರೆ.

ಅವರು ತಪ್ಪು ಹುಡುಕುತ್ತಿರುವಾಗಲೇ ಜನ ಗುಟ್ಟು ಹಿಡಿದಿದ್ದರು. ಸಾಲಿನಲ್ಲಿ ಎಂದೂ ಕೇಳದ ಮರ್ಯಾದೆಯ ಮಾತು ಶುರುವಾಯಿತು: "ಮುಂದೆ ಹೋಗಿ ಯಜಮಾನ್ರೇ", "ಛೆ ಛೆ, ನೀವೇ ಹೋಗಿ!" ಎಲ್ಲರಿಗೂ ಹತ್ತನೆಯವರಾಗುವ ಆಸೆ. ಮೂರನೇ ದಿನ, ಏನೂ ತಿಳಿಯದ ಪೆದ್ದಮ್ಮ ಶಿರಾದ ಮಗಳ ಮನೆಯಲ್ಲಿ ತಂಗಿದ್ದು, ನಸುಕಿನಲ್ಲೇ ಬಂದು ಒಂಬತ್ತನೇ ಟೋಕನ್ ಹಿಡಿದು ಕೂತರು. ಮಿಷನ್ನಿನ ಲೆಕ್ಕದಲ್ಲಿ ಒಂಬತ್ತರ ಸರದಿ ಎಲ್ಲರಿಗಿಂತ ಕೊನೆಗೆ. ತಿಂಡಿ ಮುಗಿಸಿ ನಿಧಾನವಾಗಿ ಬಂದ ಅರವತ್ತನೆಯವರನ್ನೂ ಕರೆದಾಗ, ಟೋಕನ್ನನ್ನು ಮೇಜಿನ ಮೇಲಿಟ್ಟು, ಪೊರೆ ಬಂದ ಕಣ್ಣನ್ನು ತೋರಿಸದೆಯೇ ಎದ್ದು ಹೋದರು.

ಅಂದು ಸಂಜೆಯೇ ಜ್ಯೋತಿಲಕ್ಷ್ಮಿ ಟೋಕನ್ನನ್ನು ಅಂಕಿ ಮಾಡಿದರು. ಹುರುಪಿನಲ್ಲಿ ಹಳೆಯ ರೋಗಿಗಳ ಕಾರ್ಡಿನ ಸಂಖ್ಯೆಗಳನ್ನೂ ಅಂಕಿ ಮಾಡಿಬಿಟ್ಟರು. ಮುಂದಿದ್ದ ಸೊನ್ನೆಗಳೆಲ್ಲ ಮಾಯ. 0047 ಎಂಬ ಕಾರ್ಡು ಹಿಡಿದು ಬಂದ ನಾಗಲಿಂಗಯ್ಯನವರಿಗೆ ಪರದೆ "ಇಂಥವರು ಯಾರೂ ಇಲ್ಲ" ಎಂದಿತು.

"ಎದ್ರಿಗೇ ನಿಂತಿವ್ನಲ್ಲ ಕಣಮ್ಮ!" ಎಂದರು ನಾಗಲಿಂಗಯ್ಯ. ಕಾರ್ಡು ಮರುದಿನವೇ ಮತ್ತೆ ಅಕ್ಷರವಾಯಿತು.

"ಎಣಿಸೋದನ್ನ ಅಂಕಿ ಮಾಡ್ಬೇಕು, ಬರೀ ಗುರುತಿಗಿರೋದನ್ನ ಅಕ್ಷರವಾಗೇ ಬುಡ್ಬೇಕು. ಇಷ್ಟು ಕಲಿಯಾಕೆ ಆ ಅಜ್ಜಿ ನೋಯ್ಬೇಕಾಯ್ತಾ ಸಾರ್?" ಎನ್ನುವಾಗ ಜ್ಯೋತಿಲಕ್ಷ್ಮಿಯ ದನಿ ಇಳಿಯುತ್ತದೆ. ನಾಲ್ಕು ಸಲ ಫೋನು ಮಾಡಿ ಕರೆದಿದ್ದಾರೆ. "ನನ್ ಕಣ್ಣು ಸರೇ, ಮೊದ್ಲು ನಿನ್ ಮಿಷನ್ನಿನ ಪೊರೆ ತೆಗೆಸಮ್ಮಾ" ಎಂದು ಪೆದ್ದಮ್ಮ ಪ್ರತಿ ಸಲವೂ ಫೋನಿಟ್ಟರಂತೆ. ನಿನ್ನೆ ಐದನೇ ಸಲ ಕರೆದಾಗ ಮಾತ್ರ "ನೋಡ್ತೀನಿ" ಅಂದಿದ್ದಾರೆ.

ಮಾತು ಮುಗಿಯುವ ಮೊದಲೇ ಪೆದ್ದಮ್ಮ ಮಗಳ ಕೈ ಹಿಡಿದು ಬರುತ್ತಾರೆ. ಸಿಕ್ಕಿದ್ದು ಆರನೇ ಟೋಕನ್. ಮುಖದಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಒಂಬತ್ತು ಗಂಟೆಗೆ ಡಾಕ್ಟರು ಕೂರುತ್ತಾರೆ. ಒಂದು, ಎರಡು, ಮೂರು. ಎಲ್ಲರೂ ಪರದೆ ನೋಡುತ್ತಿದ್ದರೆ ಜ್ಯೋತಿಲಕ್ಷ್ಮಿ ಪೆದ್ದಮ್ಮನನ್ನು ನೋಡುತ್ತಾರೆ. ನಾಲ್ಕು, ಐದು. ಆರು ಬಂದೇ ಬಂತು. ಪೆದ್ದಮ್ಮ ಎದ್ದು, ಮೇಜಿನ ಮುಂದೆ ಒಂದು ಗಳಿಗೆ ನಿಂತು, ಟೋಕನ್ನನ್ನು ಜ್ಯೋತಿಲಕ್ಷ್ಮಿಯ ಕೈಗಿಟ್ಟು ಒಳಗೆ ನಡೆಯುತ್ತಾರೆ.

"ಬೈಲಿಲ್ಲ ನೋಡಿ ಸಾರ್," ಜ್ಯೋತಿಲಕ್ಷ್ಮಿಯ ಮುಖ ಅರಳುತ್ತದೆ. "ಅಷ್ಟು ಸಾಕು ನಂಗೆ."